ಕಿಟಕಿ ಟೇಬಲ್ಲು ಮತ್ತು ಪುಣೆಯ ಮಾತಾಜಿ

ಮಹಾಂತಯ್ಯನ ಟೇಬಲ್ಲು ಗೋಡೆಗೆ ಮುಖ ಮಾಡಿ ನಿಂತಿತ್ತು. ಗೋಡೆಯ ಮೇಲೊಂದು ಕ್ಯಾಲೆಂಡರು, ಕ್ಯಾಲೆಂಡರಿನಲ್ಲಿ ಒಂದು ಜಲಪಾತ. ಹುಬ್ಬಳ್ಳಿಯ ಹೊರಗೆ ತಾರಿಹಾಳದ ಕಡೆ, ಹೊಲಕ್ಕೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರುಗಳನ್ನು ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಅವನು ಗುಮಾಸ್ತ. ಕೆಲಸಕ್ಕೆ ಸೇರಿದಂದಿನಿಂದ ಅವನೆದುರು ಜಲಪಾತಗಳು ಬದಲಾದವೇ ಹೊರತು ಗೋಡೆ ಬದಲಾಗಲಿಲ್ಲ.

ಕಿಟಕಿ ಇದ್ದದ್ದು ಅವನ ಬೆನ್ನ ಹಿಂದೆ, ಆಫೀಸಿನ ಇನ್ನೊಂದು ತುದಿಯಲ್ಲಿ. ಕಿಟಕಿಯಾಚೆ ಬೇವಿನ ಮರ, ಮರದಾಚೆ ಬಯಲು, ಬಯಲಿನಾಚೆ ರೈಲು ಹಳಿ. ಮಧ್ಯಾಹ್ನದ ಊಟವಾದ ಮೇಲೆ ಅಲ್ಲಿ ಗೂಡ್ಸ್ ಗಾಡಿಯೊಂದು ಯಾವ ಅವಸರವೂ ಇಲ್ಲದೆ ಹಾದುಹೋಗುತ್ತಿತ್ತು. ಮಹಾಂತಯ್ಯ ಅದನ್ನು ಕಿವಿಯಿಂದ ಮಾತ್ರ ಬಲ್ಲ. ಸಪ್ಪಳ ಕೇಳಿದೊಡನೆ ಅವನ ಪೆನ್ನು ನಿಲ್ಲುತ್ತಿತ್ತು, ಕಣ್ಣು ಅರ್ಧ ಮುಚ್ಚುತ್ತಿತ್ತು; ಅವನು ಕಲ್ಲಿದ್ದಲಿನ ಡಬ್ಬಿಯೊಂದರ ಮೇಲೆ ಅಂಗಾತ ಮಲಗಿ ಎಲ್ಲಿಗೋ ಹೊರಟುಬಿಡುತ್ತಿದ್ದ. ಆ ಹೊತ್ತಿನಲ್ಲಿ ಯಾರು ಏನು ಕೇಳಿದರೂ ಅವನ ಉತ್ತರ ಒಂದೇ: "ಹೂಂ."

ಇದು ಸಣ್ಣವನಿದ್ದಾಗ ಅಜ್ಜಿಯ ಕಥೆ ಕೇಳುತ್ತ ಕಲಿತದ್ದು. ಹೂಂ ಅನ್ನದಿದ್ದರೆ ಅಜ್ಜಿ ಕಥೆ ನಿಲ್ಲಿಸುತ್ತಿದ್ದಳು. ಅಜ್ಜಿ ಹೋದಳು, ಕಥೆಗಳೂ ಹೋದವು, ಹೂಂ ಮಾತ್ರ ಉಳಿಯಿತು. ಅದರ ದೆಸೆಯಿಂದ ಮನೆಗೆ ಎರಡು ಮಿಕ್ಸರ್ ಬಂದಿದ್ದವು, ಗುರುತಿಲ್ಲದವರ ಮದುವೆಗೆ ಅವನಿಂದ ಬೆಳ್ಳಿಯ ಬಟ್ಟಲು ಹೋಗಿತ್ತು, ಮತ್ತು ಅವನು ತನಗೇ ತಿಳಿಯದಂತೆ ಓಣಿಯ ಗಣಪತಿ ಮಂಡಳಿಯ ಉಪಾಧ್ಯಕ್ಷನಾಗಿದ್ದ.

ಕಿಟಕಿ ಪಕ್ಕದ ಟೇಬಲ್ಲಿನಲ್ಲಿದ್ದ ಹಳೆಯ ಮ್ಯಾನೇಜರು ಗೋವಿಂದಪ್ಪನವರು ಆ ವರ್ಷ ನಿವೃತ್ತರಾದರು. ಅವರು ಇಷ್ಟು ಕಾಲವೂ ಕಿಟಕಿಗೆ ಬೆನ್ನು ಹಾಕಿಯೇ ಕೂತಿದ್ದರು. ಈ ಅನ್ಯಾಯವನ್ನು ಗಮನಿಸಿದವನು ಮಹಾಂತಯ್ಯ ಒಬ್ಬನೇ. ಈಗ ಟೇಬಲ್ಲು ಖಾಲಿಯಾಗಿ, ಅದರ ಮೇಲೆ ಬೇವಿನ ನೆರಳು ಆಡುತ್ತಿತ್ತು.

ಕಂಪನಿಯ ಮಾಲೀಕ ವಿಶಾಲ ಎಂಬವನು ಹತ್ತಿ ವ್ಯಾಪಾರಿಗಳ ಮನೆತನದವನು, ಪುಣೆಯಲ್ಲಿ ಓದಿದವನು. ಕಂಪನಿ ಅವನಿಗೆ ತಂದೆಯಿಂದ ಬಂದಿತ್ತು. ವಿಚಾರಗಳು ಪುಣೆಯಿಂದ ಬರುತ್ತಿದ್ದವು. ಒಂದು ಸೋಮವಾರ ಎಲ್ಲರನ್ನೂ ನಿಲ್ಲಿಸಿ, "ಈ ಸಲ ನಾವು ಒಂದು ಆಫ್‌ಸೈಟ್ ಮಾಡೋಣು. ಯಾರಿಗರೆ ಅನುಭವ ಐತೇನ್ರಿ?" ಎಂದು ಕೇಳಿದ.

ಹಾಗೆಂದರೇನೆಂದು ಯಾರಿಗೂ ಗೊತ್ತಿರಲಿಲ್ಲ. ಕೇಳುವುದು ಅವಮಾನವೆಂದು ಮಾತ್ರ ಗೊತ್ತಿತ್ತು. ಬೇವಿನ ನೆರಳನ್ನು ನೋಡುತ್ತಿದ್ದ ಮಹಾಂತಯ್ಯನಿಗೆ ಅದೇನು ಹುಕಿ ಬಂತೋ, "ಅದರಾಗೇನೈತ್ರಿ ಸರ್, ಹಿಂದಿನ ಕಂಪನ್ಯಾಗ ನಾನ ಮಾಡ್ಸತಿದ್ನಿ" ಅಂದುಬಿಟ್ಟ.

ಅವನ ಹಿಂದಿನ ಕಂಪನಿಯೆಂದರೆ ಅಣ್ಣಿಗೇರಿಯಲ್ಲಿ ಸೋದರಮಾವನ ಕಿರಾಣಿ ಅಂಗಡಿ.

"ಹಂಗಾರ ಜವಾಬ್ದಾರಿ ನಿಮ್ದ," ಎಂದ ವಿಶಾಲ. "ಛಲೋ ಆತಂದ್ರ ಆ ಕಿಟಕಿ ಟೇಬಲ್ ನಿಮಗ. ಕೆಟ್ಟಿತಂದ್ರ ಅಲ್ಲಿ ನಮ್ಮ ಟೀ ಮಷೀನ್ ಇಡೋಣು. ಅದಕ್ಕೂ ಜಾಗ ಬೇಕಾಗೇತಿ."

ಸಂಜೆ ಮನೆಯಲ್ಲಿ ಹೆಂಡತಿ ಶಾಂಭವಿ ಪೂರ್ತಿ ಕಥೆ ಕೇಳಿದಳು. ಅವಳು ಶಾಲೆಯಲ್ಲಿ ಕಲಿಸುವವಳು. ಮಾತನ್ನು ಅಕ್ಕಿಯಂತೆ ಆರಿಸಿ ಆಡುವವಳು.

"ಆಫ್‌ಸೈಟ್ ಅಂದ್ರೇನಂತ ನಿಮಗ ಗೊತ್ತೈತೇನ್ರಿ?"

"ಗೊತ್ತಿರಲಾರದಕೇನು. ಆಫೀಸಿನ ಕೆಲಸಾನ ಆಫೀಸ್ ಬಿಟ್ಟು ಹೊರಗ ಹೋಗಿ ಮಾಡೋದು."

"ಯಾಕ?"

ಮಹಾಂತಯ್ಯ ಇದನ್ನು ವಿಚಾರ ಮಾಡಿರಲಿಲ್ಲ. "ಆಫೀಸಿನ್ಯಾಗ ಆಗವಲ್ತು, ಅದಕ್ಕ," ಎಂದು ಊಟದ ತಟ್ಟೆಗೆ ಕಣ್ಣು ಇಳಿಸಿದ. ಶಾಂಭವಿ ಇನ್ನೊಂದು ರೊಟ್ಟಿ ಹಾಕಿದಳು. ಹೆದರಿಕೆಯಾದಾಗ ಅವಳು ಹೀಗೆ ರೊಟ್ಟಿ ಹಾಕುತ್ತಿದ್ದಳು.

ಪುಣೆಯಿಂದ ಸೌಂದರ್ಯಾ ಎಂಬಾಕೆ ಬಂದು ಕಾರ್ಯಕ್ರಮ ನಡೆಸಿಕೊಡುವುದೆಂದು ವಿಶಾಲ ಗೊತ್ತು ಮಾಡಿದ್ದ. ಮೂಲತಃ ಬೆಳಗಾವಿ ಕಡೆಯ ಹುಡುಗಿ. ಕಂಪನಿ ಕಂಪನಿಗೆ ಹೋಗಿ ನೌಕರರ ಮನಸ್ಸು ಬಿಚ್ಚಿಸುವುದು ಅವಳ ಕೆಲಸ. ಏನೇನು ಏರ್ಪಾಡು ಬೇಕೆಂದು ಅವಳು ಹೇಳಿ ಕಳಿಸಿದ್ದನ್ನು ಮಹಾಂತಯ್ಯ ಬಾಯಿಪಾಠ ಮಾಡಿಕೊಂಡ. ಜಾಗ ಮಾತ್ರ ಅವನೇ ಹುಡುಕಬೇಕಿತ್ತು. ಊರ ಹೊರಗಿರಬೇಕು, ಮರವಿರಬೇಕು, ಹೊಟೇಲಿನ ವಾಸನೆ ಬರಬಾರದು.

"ಸುಳ್ಳ ಊರಾಗ ನಮ್ಮ ಗಿರಾಕಿ ಶಿದ್ದಪ್ಪನ ಹೊಲಕ್ಕ ಹೋಗೋಣ ನಡೀರಿ ಅಯ್ಯಾರ," ಎಂದ ಆಫ್ತಾಬ. ಅವನು ಕಂಪನಿಯ ಫಿಟ್ಟರು. ಹೊಲಹೊಲ ತಿರುಗಿ ಸ್ಪ್ರಿಂಕ್ಲರು ಜೋಡಿಸುವವನಾದ್ದರಿಂದ ತಾಲೂಕಿನ ಯಾವ ಹೊಲದಲ್ಲಿ ಯಾವ ಮರವಿದೆ, ಯಾವ ಮನೆಯ ಚಹಾ ಎಷ್ಟು ಗಟ್ಟಿ ಎಂಬುದು ಅವನಿಗೆ ತಿಳಿದಿತ್ತು. "ದೊಡ್ಡ ಬೇವಿನ ಗಿಡ ಐತಿ. ನಿಮಗ ಮಲಗಾಕೂ ಅನುಕೂಲ."

ಭಾನುವಾರ ಅವನ ಬೈಕಿನ ಹಿಂದೆ ಕೂತು ಮಹಾಂತಯ್ಯ ಸುಳ್ಳಕ್ಕೆ ಹೋದ. ಕಡಲೆ ಹೊಲದ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಕರಿಮಣ್ಣಿನ ಆ ಬಯಲು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆಂದು ನೋಡುವಷ್ಟರಲ್ಲಿ ಅವನಿಗೆ ಅರ್ಧ ನಿದ್ದೆ ಬಂದಿತ್ತು. ಶಿದ್ದಪ್ಪ ಆಫ್ತಾಬನನ್ನು ಪಂಪು ತೋರಿಸಲು ಕರೆದುಕೊಂಡು ಹೋದ. ಕಟ್ಟೆಯ ಮೇಲೆ ಹತ್ತಿ ಬಿಡಿಸುತ್ತಿದ್ದ ಶಿದ್ದಪ್ಪನ ತಾಯಿ ಚನ್ನಬಸವ್ವ ಎದ್ದು, ಕಾಲಿಗೆ ನೀರು ಕೊಟ್ಟು, "ಬರ್ರಿ ಅಯ್ಯನೋರ" ಎಂದು ಕಂಬಳಿ ಹಾಸಿದಳು.

ಇಲ್ಲಿ ಒಂದು ಮಾತು ಹೇಳಬೇಕು. ಮಹಾಂತಯ್ಯ ಜಂಗಮರವನು, ಲಿಂಗಾಯತರಿಗೆ ಗುರುಗಳಾದ ಮನೆತನದವನು. ಹುಬ್ಬಳ್ಳಿಯಲ್ಲಿ ಅದು ಹೆಸರಿನ ತುದಿಗೆ ಅಂಟಿಕೊಂಡ ಒಂದು ಅಯ್ಯ, ಅಷ್ಟೇ. ಸುಳ್ಳದಲ್ಲಿ ಹಾಗಲ್ಲ. ಅಯ್ಯನವರು ಮನೆಬಾಗಿಲಿಗೆ ಬಂದು ಇಂಥ ದಿನ ಒಬ್ಬರು ಬರುತ್ತಾರೆಂದು ಹೇಳಿದರೆ, ಬರುವವರು ಎಂಥವರೆಂದು ಬಿಡಿಸಿ ಹೇಳುವ ಅಗತ್ಯ ಆ ಸೀಮೆಯಲ್ಲಿಲ್ಲ.

"ಯಾರ್ ಬರ್ತಾರ್ರೀ?" ಜಾಗ, ದಿನ ಗೊತ್ತಾದ ಮೇಲೆ ಮತ್ತೆ ಹತ್ತಿಯ ಮುಂದೆ ಕೂತು ಚನ್ನಬಸವ್ವ ಕೇಳಿದಳು.

"ಪುಣೆಯಿಂದ ಒಬ್ರು ಅಕ್ಕಾರು ಬರ್ತಾರ್ರೀ. ಅವರು ಹೇಳ್ತಾರ, ನಮ್ಮ ಮಂದಿ ಕೇಳ್ತಾರ."

"ಹೌದೇನು." ಅವಳ ಕೈ ಹತ್ತಿಯ ಮೇಲೆ ನಿಂತಿತು. "ಕುರ್ಚಿ ಹಾಕ್ಸಬೇಕೇನ್ರಿ?"

"ಬ್ಯಾಡ್ರಿ, ಎಲ್ಲಾರೂ ನೆಲಕ್ಕ ಕುಂದ್ರಬೇಕಂತ. ಚಪ್ಪಲಿ ಹೊರಗ. ಫೋನು ಒಂದು ಬುಟ್ಟ್ಯಾಗ ಇಟ್ಟುಬಿಡಬೇಕು. ಮೊದಲ ಅರ್ಧ ತಾಸು ಕಣ್ಣು ಮುಚ್ಚಿ, ಯಾರೂ ಪಿಟ್ಟೆನ್ನಂಗಿಲ್ಲ."

ಇಷ್ಟು ಹೇಳುವಷ್ಟರಲ್ಲಿ ಆಚೆ ಹೊಲದಲ್ಲಿ ಶಿದ್ದಪ್ಪ ಪಂಪು ಚಾಲೂ ಮಾಡಿದ. ಸ್ಪ್ರಿಂಕ್ಲರುಗಳು ಚಿಕ್ ಚಿಕ್ ಚಿಕ್ ಎಂದು ತಿರುಗತೊಡಗಿದವು. ನೀರಿನ ಎಳೆಗಳು ಬಿಸಿಲಿಗೆ ಹೊಳೆದು, ಒಂದು ಸಣ್ಣ ಕಾಮನಬಿಲ್ಲು ಎದ್ದು, ಮುರಿದು, ಮತ್ತೆ ಎದ್ದಿತು. ಕಂಪನಿಯಿಂದ ದಿನಾಲೂ ಪೆಟ್ಟಿಗೆಗೆ ತುಂಬಿ ಕಳಿಸುವ ವಸ್ತುವೊಂದು ಎಲ್ಲೋ ಹೋಗಿ ಕಾಮನಬಿಲ್ಲು ಮಾಡುತ್ತದೆಂದು ಮಹಾಂತಯ್ಯನಿಗೆ ಗೊತ್ತಿರಲಿಲ್ಲ. ಅವನ ಕಣ್ಣು ಅರ್ಧ ಮುಚ್ಚಿತು. ಕಾಮನಬಿಲ್ಲಿನ ಕೆಳಗೆ ಗೂಡ್ಸ್ ಗಾಡಿಯೊಂದು ಹೊರಟಿತು.

"ಅಕ್ಕಾರು ಸಂಸಾರ ಬಿಟ್ಟಾರೇನ್ರಿ?"

"ಹೂಂ."

"ಬಿಳೀ ವಸ್ತ್ರಾನ ಉಡ್ತಾರೇನು?"

"ಹೂಂ."

"ನಾವೂ ಒಂದು ಮೂಲ್ಯಾಗ ಕುಂತು ಕೇಳಬಹುದೇನ್ರಿ?"

"ಹೂಂ."

"ಊರಾಗ ಹೇಳ್ಲಿ? ಊಟದ ಸೇವಾ ನಮ್ದ ಇರಲಿ?"

"ಹೂಂ, ಹೂಂ."

"ಕುಂಭ ಹೊರಸೋಣು?"

ಅಷ್ಟರಲ್ಲಿ ಆಫ್ತಾಬ ಬಂದು ಹೆಗಲು ಅಲುಗಾಡಿಸಿದ. "ಎಲ್ಲಾ ಮಾತಾಡಿದ್ರೇನು ಅಯ್ಯಾರ?" "ಎಲ್ಲಾ ಆತು," ಎಂದ ಮಹಾಂತಯ್ಯ, ಮತ್ತು ಹಾಗೆಂದು ನಂಬಿಯೂ ಇದ್ದ. ಬರುವಾಗ ಚನ್ನಬಸವ್ವ ಅವನ ಕೈಗೆ ಒಂದು ಡಬ್ಬಿ ತುಪ್ಪ ಕೊಟ್ಟಳು. ವ್ಯವಹಾರ ಇಷ್ಟು ಸಲೀಸಾಗಿ ಮುಗಿದದ್ದಕ್ಕೆ ತನ್ನ ಮಾತಿನ ಚಾತುರ್ಯವೇ ಕಾರಣವೆಂದು ದಾರಿಯುದ್ದಕ್ಕೂ ಆಫ್ತಾಬನಿಗೆ ಹೇಳಿದ.

ಸುದ್ದಿ ಸುಳ್ಳದಿಂದ ಹುಬ್ಬಳ್ಳಿಗೆ ಬರಲು ಬೈಕು ಬೇಕಾಗಲಿಲ್ಲ. ಚನ್ನಬಸವ್ವನ ಮಗಳನ್ನು ಕೊಟ್ಟದ್ದು ಮಹಾಂತಯ್ಯನ ಮನೆಯ ಹಿಂದಿನ ಓಣಿಗೇ. ಮರುದಿನ ನಳದ ಹತ್ತಿರ, ಅದರ ಮರುದಿನ ಹಿಟ್ಟಿನ ಗಿರಣಿಯಲ್ಲಿ, ಪುಣೆಯ ಮಾತಾಜಿಯ ವಿಷಯವೇ. ಅವರು ಉಣ್ಣುವುದು ಒಂದೇ ಹೊತ್ತು ಎಂದು ಒಬ್ಬರು, ಅದೂ ಹಾಲು ಮಾತ್ರ ಎಂದು ಇನ್ನೊಬ್ಬರು. ಧಾರವಾಡದಿಂದ ಶಾಂಭವಿಯ ತಾಯಿ ಈರವ್ವ ಎರಡು ತೆಂಗಿನಕಾಯಿ, ಒಂದು ರೇಷ್ಮೆ ಸೀರೆಯೊಂದಿಗೆ ಬಂದಿಳಿದು, "ಸುಳ್ಳಕ್ಕ ಮಾತಾಜಿ ಬರಾಕತ್ತಾರ, ನಮಗೊಂದು ಮಾತು ಹೇಳಬಾರದೇನವಾ" ಎಂದು ಮಗಳ ಮೇಲೆ ಸಿಟ್ಟಾದಳು.

ಶಾಂಭವಿ ಗಂಡನನ್ನು ಒಳಗೆ ಕರೆದಳು. "ಸುಳ್ಳಕ್ಕ ಯಾರೋ ಮಾತಾಜಿ ಬರ್ತಾರಂತ. ನೀವು ಹೋಗೂ ದಿನಾನ. ಗೊತ್ತೈತೇನು?"

ಮಹಾಂತಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅಲ್ಲಿ ಇನ್ನೊಂದು ಕಾರ್ಯಕ್ರಮವಿದ್ದರೆ ಗದ್ದಲವಾಗುತ್ತದೆ, ಗದ್ದಲವಾದರೆ ಕಾರ್ಯಕ್ರಮ ಕೆಡುತ್ತದೆ, ಕೆಟ್ಟರೆ ಕಿಟಕಿಯ ಪಕ್ಕ ಟೀ ಮಷೀನು. ಕೂಡಲೇ ಶಿದ್ದಪ್ಪನಿಗೆ ಫೋನು ಮಾಡಿದ.

"ಶಿದ್ದಪ್ಪಾರ, ನಮ್ಮವರು ಬರೂ ದಿನಾನ ಯಾರೋ ಮಾತಾಜಿ ಬರ್ತಾರಂತಲ್ರಿ?"

"ಹೌದ್ರಿ ಅಯ್ಯನೋರ, ಅದ ದಿನ."

"ಮತ್ತ ನಮಗ ಏನೂ ತೊಂದರಿ ಆಗಂಗಿಲ್ಲಲ್ಲ?"

"ತೊಂದರಿ ಎಲ್ಲೀದ್ರಿ. ನಮ್ಮ ಊರಿನ ಪುಣ್ಯ. ಪಂಚಾಯ್ತಿಯವರು ರಸ್ತೇಕ ಮುರುಮ ಹಾಕ್ಸಾಕತ್ತಾರ. ಎಷ್ಟ ವರ್ಷದಿಂದ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿತ್ತು, ಇವತ್ತ ಮುಂಜಾನೆ ತಾವಾಗೇ ಬಂದು ನಿಂತಾರ."

"ಛಲೋ ಆತು ಬಿಡ್ರಿ," ಎಂದು ಮಹಾಂತಯ್ಯ ಫೋನಿಟ್ಟ. ಆ ಮಾತಾಜಿ ಯಾರೇ ಇರಲಿ, ಅವರ ದೆಸೆಯಿಂದ ತಮ್ಮ ಬಸ್ಸು ಕುಲುಕದೆ ಹೋಗುತ್ತದಲ್ಲ ಎಂದು ಅವನಿಗೆ ಸಮಾಧಾನವಾಯಿತು. ಶಾಂಭವಿಗೆ ಆಗಲಿಲ್ಲ. ಅವಳು ಆ ದಿನ ಶಾಲೆಗೆ ರಜೆ ಹಾಕಿ, ತಾಯಿಯನ್ನೂ ಕರೆದುಕೊಂಡು, ತಾನೂ ಸುಳ್ಳಕ್ಕೆ ಬರುವುದಾಗಿ ಹೇಳಿದಳು. ಮಹಾಂತಯ್ಯ ಹೂಂ ಅಂದ.

ಆ ಮುಂಜಾನೆ ಕಂಪನಿಯ ಬಸ್ಸು ಸುಳ್ಳದ ಅಗಸಿಬಾಗಿಲ ಹತ್ತಿರ ಬಂದಾಗ ದಾರಿಗೆ ನೀರು ಹೊಡೆದು ರಂಗೋಲಿ ಹಾಕಿತ್ತು. ಬಾಳೆಕಂಬ ಕಟ್ಟಿದ ಟ್ರ್ಯಾಕ್ಟರು ನಿಂತಿತ್ತು. ಅದರ ಹಿಂದೆ ಮಂಜು, ಮಂಜಿನೊಳಗಿಂದ ಜಾಂಜ್ ಮೇಳದ ಸಪ್ಪಳ, ಸಪ್ಪಳದ ಹಿಂದೆ ಕುಂಭ ಹೊತ್ತ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಮೂಡಿ ಬಂದರು. ಮಹಾಂತಯ್ಯ ಬಸ್ಸಿನ ಕಿಟಕಿಯಿಂದ ಇದನ್ನೆಲ್ಲ ತನ್ನದೇ ಇನ್ನೊಂದು ಕನಸೆಂಬಂತೆ ಕಣ್ತುಂಬ ನೋಡಿದ.

"ಅಯ್ಯಾರ," ಎಂದ ಆಫ್ತಾಬ, "ಆ ಬೋರ್ಡಿನ ಮ್ಯಾಲ ನಿಮ್ಮ ಹೆಸರೈತಿ."

ಬೋರ್ಡಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು: ಪುಣೆಯ ಪರಮಪೂಜ್ಯ ಮಾತಾಜಿಯವರಿಗೆ ಸ್ವಾಗತ. ಕೆಳಗೆ: ಕರೆತಂದವರು, ಶ್ರೀ ಮಹಾಂತಯ್ಯನವರು, ಹುಬ್ಬಳ್ಳಿ.

ಆಗ ಅವನಿಗೆ ಎಚ್ಚರವಾಯಿತು. ಆದರೆ ಬಸ್ಸಿನ ಹಿಂದೆಯೇ ವಿಶಾಲನ ಕಾರು ಬಂದು ನಿಂತಿತ್ತು, ಕಾರಿನಿಂದ ಸೌಂದರ್ಯಾ ಇಳಿದಿದ್ದಳು. ಧಾರವಾಡ ಕಡೆಯ ಗರಗದ ಖಾದಿಯ ಮೇಲೆ ಅವಳಿಗೆ ಮೋಹ; ತಲೆಯಿಂದ ಕಾಲಿನವರೆಗೆ ಬಿಳಿ. ಕೊರಳಿಗೆ ಕಿವಿಗೆ ಏನೂ ಇಲ್ಲ. ಸಾಲದ್ದಕ್ಕೆ, ಒಂದರ ಮೇಲೊಂದು ಕಂಪನಿಯಲ್ಲಿ ಮಾತಾಡಿ ಮಾತಾಡಿ ಆ ವಾರ ಅವಳ ಗಂಟಲು ಪೂರಾ ಕಟ್ಟಿಹೋಗಿತ್ತು. ವೈದ್ಯರು ಒಂದು ಶಬ್ದವನ್ನೂ ಆಡಬಾರದೆಂದಿದ್ದರು.

"ಮೌನ ಹಿಡದಾರ," ಎಂದು ಚನ್ನಬಸವ್ವ ಮೆಲ್ಲಗೆ ಹೇಳಿದಳು. ಆ ಮಾತು ಕುಂಭದಿಂದ ಕುಂಭಕ್ಕೆ ಹಿಂದೆ ಸರಿಯಿತು. ಜಾಂಜು ನಿಂತಿತು.

ಸೌಂದರ್ಯಾ ಗಾಬರಿಯಾಗಿ, ಬೇಡ ಬೇಡ ಎಂದು ಬಲಗೈ ಎತ್ತಿದಳು. ನೆರೆದವರೆಲ್ಲ ಒಟ್ಟಿಗೆ ತಲೆ ಬಾಗಿಸಿದರು. ಎರಡೂ ಕೈ ಎತ್ತಿದಳು. ಈರವ್ವನ ಕಣ್ಣಲ್ಲಿ ನೀರು ಬಂತು. ಕೊನೆಗೆ ಅವಳು ಚೀಲದಿಂದ ದೊಡ್ಡ ಹಾಳೆ ತೆಗೆದು, "ನಾನು ಮಾತಾಜಿ ಅಲ್ಲ" ಎಂದು ಬರೆದು ಎಲ್ಲರಿಗೂ ಕಾಣುವಂತೆ ಹಿಡಿದಳು. ಓದು ಬಲ್ಲವರು ಓದಿ ಬಾರದವರಿಗೆ ಹೇಳಿದರು.

"ನೋಡ್ರಿ," ಎಂದ ಶಿದ್ದಪ್ಪ ಕೈ ಮುಗಿದು, "ಖರೇ ದೊಡ್ಡವರು ಹಿಂಗ ಇರ್ತಾರ. ನಾ ಅನ್ನೂದು ಒಂಚೂರೂ ಇಲ್ಲ."

ಅವಳನ್ನು ಟ್ರ್ಯಾಕ್ಟರು ಹತ್ತಿಸಿದರು. ವಿಶಾಲ ಮಹಾಂತಯ್ಯನ ಪಕ್ಕಕ್ಕೆ ಬಂದು, ಹಲ್ಲು ಕಚ್ಚಿ, ನಗುಮುಖದಿಂದಲೇ ಕೇಳಿದ: "ಇದು ನೀವು ಮಾಡ್ಸಿದ್ದೇನ್ರಿ?"

ಮಹಾಂತಯ್ಯನ ಕಣ್ಣ ಮುಂದೆ ಬೇವಿನ ನೆರಳಿನಲ್ಲಿ ಟೀ ಮಷೀನು ಬಂದು ಕೂತಿತು. "ಹೂಂ," ಎಂದ. ಅವನ ಆಯುಷ್ಯದಲ್ಲಿ ಪೂರ್ತಿ ಎಚ್ಚರದಲ್ಲಿ ಅಂದ ಮೊದಲ ಹೂಂ ಅದೇ ಇರಬೇಕು.

ಶಾಂಭವಿ ಹತ್ತಿರ ಬಂದು ಸೆರಗಿನ ಮರೆಯಲ್ಲಿ ಹೇಳಿದಳು: "ಈಗ ಯಾರಿಗೂ ಏನೂ ತಿಳಿಸಿ ಹೇಳಾಕ ಹೋಗಬ್ಯಾಡ್ರಿ. ಹೇಳಿದಷ್ಟು ಹೆಚ್ಚಾಗ್ತೈತಿ."

ಬೇವಿನ ಗಿಡದ ಕೆಳಗೆ ಜಮಖಾನೆ ಹಾಸಿತ್ತು. ಚಪ್ಪಲಿ ಹೊರಗೆ, ಫೋನು ಬುಟ್ಟಿಯಲ್ಲಿ. ಎಲ್ಲವೂ ಸೌಂದರ್ಯಾ ಕೇಳಿದಂತೆಯೇ ಇತ್ತು, ಬುಟ್ಟಿಗೆ ಹೂಮಾಲೆ ಹಾಕಿದ್ದೊಂದು ಹೆಚ್ಚಿನದು. ಕಂಪನಿಯವರು ಮುಂದೆ, ಊರು ಹಿಂದೆ. ಅರ್ಧ ತಾಸಿನ ಮೌನ ಶುರುವಾಯಿತು. ಚಿಕ್ ಚಿಕ್ ಎಂದು ನೀರು ತಿರುಗುತ್ತಿತ್ತು. ಎಳೆಬಿಸಿಲು ಬೇವಿನ ಎಲೆಗಳಿಂದ ಸೋಸಿ ಬೀಳುತ್ತಿತ್ತು. ಒಬ್ಬೊಬ್ಬರೇ ಮುಳುಗಿದರು. ವಿಶಾಲನ ತಲೆ ನಿಧಾನವಾಗಿ ಜಾರಿ ಆಫ್ತಾಬನ ಹೆಗಲ ಮೇಲೆ ನಿಂತಿತು. ಆಫ್ತಾಬ ಮಾಲೀಕನ ತಲೆಯೆಂಬ ಗೌರವದಿಂದ ಉಸಿರನ್ನೂ ಅಳೆದು ಬಿಡುತ್ತ ಕೂತ. ಅರ್ಧ ತಾಸು ಮುಗಿದದ್ದು ಯಾರಿಗೂ ತಿಳಿಯಲಿಲ್ಲ. ಎಬ್ಬಿಸಿದ್ದು ಊಟಕ್ಕೆ ಬೇಯುತ್ತಿದ್ದ ಸಿಹಿ ಸಜ್ಜಕದ ವಾಸನೆ.

ಊಟವಾದ ಮೇಲೆ ಮನಸ್ಸು ಬಿಚ್ಚುವ ಕಾರ್ಯಕ್ರಮ. ಸೌಂದರ್ಯಾ ಬೇರೆ ದಾರಿ ಕಾಣದೆ, "ಮನಸ್ಸಿನಲ್ಲಿರುವುದನ್ನು ಹೇಳಿ" ಎಂದು ಹಾಳೆಯ ಮೇಲೆ ಬರೆದಳು. ಕಂಪನಿಯವರು ವಿಶಾಲನ ಮುಖ ನೋಡಿ, ಆಮೇಲೆ ತಮ್ಮ ತಮ್ಮ ಹೆಬ್ಬೆರಳು ನೋಡಿಕೊಂಡರು. ಎದ್ದವಳು ಚನ್ನಬಸವ್ವ. ಅವಳಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ದೊಡ್ಡವರ ಮುಂದೆ ಕೂತು ಕಷ್ಟ ಹೇಳಿಕೊಳ್ಳುವುದು ಅವಳು ಸಣ್ಣವಳಿದ್ದಾಗಿನಿಂದ ಬಲ್ಲ ಕ್ರಮ.

"ಯವ್ವಾ, ಈ ನೀರು ಹಾರಸೂ ನಳಿಗಿ ಒಂದು ಐತಿ ನೋಡ್ರಿ, ದಂಡ್ಯಾಗಿಂದು. ಅದು ಹೊಲದ ಕಡೆ ತಿರುಗೂದ ಇಲ್ಲ. ಬಸ್ಸಿಗೆ ನಿಂತವರನ್ನ ದಿನಾ ತೋಯ್ಸತೈತಿ. ಸಾಲಿ ಮಾಸ್ತರ್ರು ನನ್ನ ಕೂಡ ಮಾತು ಬಿಟ್ಟಾರ. ಕಂಪನಿಗೆ ಹೇಳಿ ಹೇಳಿ ಸಾಕಾತು. ನೀವರೆ ಒಂದು ಮಾತು ಹೇಳ್ರಿ."

ಸೌಂದರ್ಯಾ ವಿಶಾಲನ ಕಡೆ ನೋಡಿದಳು. ಇಡೀ ಊರು ವಿಶಾಲನ ಕಡೆ ನೋಡಿತು. ವಿಶಾಲ ಕೈ ಜೋಡಿಸಿದ.

ಇದನ್ನು ಕಂಡ ಮೇಲೆ ಲೆಕ್ಕಪತ್ರ ನೋಡುವ ಭಾಗ್ಯಶ್ರೀ ಎದ್ದಳು. ಆಫೀಸಿನಲ್ಲಿ ಬಾಯಿ ತೆಗೆಯದ ಹುಡುಗಿ ಮಾತಾಜಿಯ ಮುಂದೆ ಮೊಣಕಾಲೂರಿ, "ಆ ಟೀ ಮಷೀನಿನ ಚಹಾ ಯಾರೂ ಕುಡಿಯಂಗಿಲ್ರಿ. ಹೂವಿನ ಕುಂಡದಾಗ ಸುರೀತೇವಿ. ಆ ಗಿಡಾ ಸತ್ತದ್ದು ನಮ್ಮಿಂದರಿ," ಎಂದು ಕಣ್ಣೊರೆಸಿಕೊಂಡಳು. ಆಫ್ತಾಬ ಬಂದು, "ಸೋಮವಾರ ಮುಂಜಾನೆ ಎಲ್ಲಾರೂ ಸುತ್ತ ನಿಂತು ಚಪ್ಪಾಳಿ ತಟ್ಟೂದು ಒಂದು ಕಾರ್ಯಕ್ರಮ ಐತ್ರಿ. ಯಾಕ ತಟ್ಟತೇವಂತ ನಮಗೂ ಗೊತ್ತಿಲ್ಲ, ನೋಡಿದ ಗಿರಾಕಿಗೂ ಗೊತ್ತಾಗಂಗಿಲ್ಲ. ನನ್ನ ಹೇಣ್ತಿ ನಜ್ಮಾ, ನಿಮ್ಮ ಕಂಪನ್ಯಾಗ ದಿನಾ ಯಾರದರೆ ಹುಟ್ಟಿದಹಬ್ಬ ಇರ್ತೈತೇನು ಅಂತ ಕೇಳ್ತಾಳ," ಎಂದ. ಪ್ರತಿ ಮಾತಿಗೂ ಸೌಂದರ್ಯಾ ಕೈ ಎತ್ತುವಳು, ಊರು ತಲೆ ಬಾಗಿಸುವುದು, ವಿಶಾಲ ಕೈ ಜೋಡಿಸುವನು. ಸಾಲು ಬೆಳೆಯಿತು.

ಕೊನೆಗೆ ಮಹಾಂತಯ್ಯನ ಸರದಿ. ಹೊಟ್ಟೆಯಲ್ಲಿ ಸಜ್ಜಕ, ಕಣ್ಣಲ್ಲಿ ನಿದ್ದೆ. ಎದುರಿನ ಬಿಳಿ ಖಾದಿ ಅವನಿಗೆ ಹತ್ತಿಯ ಹೊಲದಂತೆ, ಹೊಲ ಅಜ್ಜಿಯ ಸೀರೆಯಂತೆ ಕಾಣುತ್ತಿತ್ತು.

"ನನಗ ಈ ಆಫ್‌ಸೈಟ್ ಅಂದ್ರೇನಂತ ಗೊತ್ತ ಇರಲಿಲ್ರಿ," ಎಂದ. "ಈಗೂ ಗೊತ್ತಿಲ್ಲ. ಹಿಂದಿನ ಕಂಪನ್ಯಾಗ ಬೆಲ್ಲಾ ತೂಗತಿದ್ನಿ. ಕಿಟಕ್ಯಾಗಿಂದ ಆ ಗೂಡ್ಸ್ ಗಾಡಿ ಒಂದ ಸಲ ಪೂರ್ತಿ ನೋಡಬೇಕಂತ ಆಶಾ. ಮೊದಲಿಂದ ಹಿಡದು, ಹಿಂದಿನ ಡಬ್ಬಿಯಾಗ ಹಸರ ಬಾವುಟ ಹಿಡಕೊಂಡು ನಿಂದರತಾನಲ್ರಿ, ಅವನ್ತನಕಾ. ಅಷ್ಟ."

ಶಾಂಭವಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿದಿದ್ದಳು. ವಿಶಾಲ ಎದ್ದ. ಎದ್ದವನು ಮಹಾಂತಯ್ಯನ ಕಡೆ ಬರಲಿಲ್ಲ. ಅವನ ಪಕ್ಕದಲ್ಲೇ, ಮಾತಾಜಿಯ ಮುಂದೆ ಕಾಲು ಮಡಚಿ ಕೂತ.

"ನನಗೂ ಗೊತ್ತಿಲ್ರಿ," ಎಂದ ತಗ್ಗಿದ ದನಿಯಲ್ಲಿ. "ಪುಣೆದಾಗ ಎಲ್ಲಾರೂ ಮಾಡ್ತಾರಂತ ಮಾಡಿದ್ನಿ. ಮತ್ತ ನನ್ನ ಕ್ಯಾಬಿನ್ನಿಗೆ ಕಿಟಕೀನ ಇಲ್ರಿ."

ಸೌಂದರ್ಯಾ ಇಬ್ಬರನ್ನೂ ನೋಡಿದಳು. ಅವಳ ಕಾರ್ಯಕ್ರಮಗಳಲ್ಲಿ ಯಾವ ಮಾಲೀಕನೂ ಇಷ್ಟು ಮನಸ್ಸು ಬಿಚ್ಚಿದ್ದಿಲ್ಲ. ಏನು ಮಾಡಬೇಕೆಂದು ತೋಚದೆ, ಈ ಸಲ ತಿಳಿದೇ, ಬಲಗೈ ಎತ್ತಿದಳು.

ಮುಂದಿನ ವಾರ ದಂಡೆಯ ಸ್ಪ್ರಿಂಕ್ಲರು ಹೊಲದ ಕಡೆ ತಿರುಗಿತು. ಟೀ ಮಷೀನು ಮಹಾಂತಯ್ಯನ ಹಳೆಯ ಜಾಗಕ್ಕೆ, ಜಲಪಾತದ ಎದುರಿಗೆ ಹೋಯಿತು. ಅದರ ಚಹಾವನ್ನು ಈಗಲೂ ಯಾರೂ ಕುಡಿಯುವುದಿಲ್ಲ. ಮಹಾಂತಯ್ಯ ಕಿಟಕಿಯ ಪಕ್ಕ ಕೂತ. ಮಧ್ಯಾಹ್ನ ಊಟವಾದ ಮೇಲೆ ವಿಶಾಲ ಕೈಯಲ್ಲಿ ಏನೋ ಫೈಲು ಹಿಡಿದುಕೊಂಡು ಬಂದು, ಕೇಳುವುದೇನೂ ಇಲ್ಲದೆ, ಟೇಬಲ್ಲಿನ ಪಕ್ಕ ನಿಂತ.

ಗಾಡಿ ಬಂತು. ಬೇವಿನ ಎಲೆಗಳ ನಡುವೆ ಮೊದಲು ಎಂಜಿನ್ನು, ಆಮೇಲೆ ಡಬ್ಬಿಯ ಹಿಂದೆ ಡಬ್ಬಿ, ಕೆಂಪಗೆ, ಕಪ್ಪಗೆ, ಬಿಸಿಲಲ್ಲಿ ತೂಕಡಿಸುತ್ತ. ಆಗಲೇ ಟೇಬಲ್ಲಿನ ಫೋನು ರಿಂಗಾಯಿತು. ಮಹಾಂತಯ್ಯ ಹಳಿಯಿಂದ ಕಣ್ಣು ತೆಗೆಯದೆ ಅದನ್ನು ಕಿವಿಗೆ ಹಿಡಿದ.

"ಅಯ್ಯನೋರ, ನಾನ್ರಿ ಚನ್ನಬಸವ್ವ. ಮುಂದಿನ ವರ್ಷದ್ದು ಈಗ ಹೇಳಿಬಿಡ್ರಿ. ಸುತ್ತಿನ ಊರವರೂ ಬರ್ತೇವಂತಾರ. ಶಿರಗುಪ್ಪಿಯವರು ಆನೆ ತರಸ್ತಾರಂತ. ತರಸ್ಲಿ?"

ಕಟ್ಟಕಡೆಯ ಡಬ್ಬಿ ಬೇವಿನಾಚೆಯಿಂದ ಈಚೆಗೆ ಬಂತು. ಅದರ ಬಾಗಿಲಲ್ಲಿ ಒಬ್ಬ ಮನುಷ್ಯ, ಅವನ ಕೈಯಲ್ಲಿ ಹಸಿರು ಬಾವುಟ.

"ಹೂಂ," ಎಂದ ಮಹಾಂತಯ್ಯ.